ಆಳವಾದ, ನೀರು ಬಸಿದುಹೋಗುವ ಕೆಂಪು ಮಣ್ಣು: ಗುಣಲಕ್ಷಣಗಳು ಮತ್ತು ಪದರಗಳು

(ಅರಸೀಕೆರೆ ತಾಲ್ಲೂಕು, ಬೇಲೂರು ತಾಲ್ಲೂಕು ಹಾಗೂ ಹಳೇಬೀಡು ಹೋಬಳಿಯ ರೈತ ಬಾಂಧವರಿಗಾಗಿ)

1. ಪೀಠಿಕೆ

ಹಾಸನ ಜಿಲ್ಲೆಯ ಅರಸೀಕೆರೆ ಹಾಗೂ ಬೇಲೂರು ತಾಲ್ಲೂಕುಗಳ ಬೇಸಾಯದ ಭೂಮಿಯಲ್ಲಿ ಕೆಂಪು ಮಣ್ಣಿನ ಪಾಲು ದೊಡ್ಡದು. ಮೇಲ್ನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ಕೆಂಪು ಹೊಲಗಳ ಪೈಕಿ ಒಂದರಲ್ಲಿ ಒಂದೂವರೆ ಮೀಟರ್ ಆಳದವರೆಗೂ ಮಣ್ಣು ದೊರೆಯಬಹುದು. ಮತ್ತೊಂದರಲ್ಲಿ ಒಂದು ಅಡಿಯ ಕೆಳಗೇ ಗರಸು ಅಥವಾ ಬಂಡೆ ಸಿಗಬಹುದು. ಪಹಣಿಯಲ್ಲಿ ಮಣ್ಣಿನ ನಮೂನೆ ಎಂಬ ಅಂಕಣವಿದ್ದರೂ ಅದರಿಂದ ಮಣ್ಣಿನ ಆಳ ತಿಳಿಯುವುದಿಲ್ಲ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ನಮೂದಾಗುವ 12 ಅಂಶಗಳಲ್ಲಿಯೂ ಆಳವಾಗಲಿ, ನೀರು ಬಸಿಯುವ ಗುಣವಾಗಲಿ ಸೇರಿರುವುದಿಲ್ಲ.

ಆದರೆ ತೆಂಗಿನ ತೋಟ ಮಾಡಬೇಕೇ, ಕೃಷಿ ಹೊಂಡ ಎಲ್ಲಿ ತೆಗೆಸಬೇಕು, ಹನಿ ನೀರಾವರಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಕೊಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಅಡಗಿರುವುದು ಈ ಎರಡು ಗುಣಗಳಲ್ಲಿಯೇ. ಆದುದರಿಂದ ಇಲಾಖೆಯ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ಮುನ್ನ ತಮ್ಮ ಜಮೀನಿನ ಮಣ್ಣಿನ ಆಳವನ್ನು ಖುದ್ದಾಗಿ ತಿಳಿದುಕೊಳ್ಳುವುದು ಸೂಕ್ತ. ಅದಕ್ಕೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

2. ಪ್ರದೇಶದ ಹವಾಮಾನ ಮತ್ತು ಶಿಲೆ

ರಾಜ್ಯದ ಕೃಷಿ ಹವಾಮಾನ ವಲಯಗಳ ಪೈಕಿ ಅರಸೀಕೆರೆ ತಾಲ್ಲೂಕು ಮಧ್ಯ ಒಣ ವಲಯಕ್ಕೆ ಸೇರಿದೆ. ಈ ವಲಯದ ವಾರ್ಷಿಕ ಮಳೆ ಸುಮಾರು 455ರಿಂದ 717 ಮಿ.ಮೀ. ಬೇಲೂರು ತಾಲ್ಲೂಕು ದಕ್ಷಿಣ ಮಧ್ಯವರ್ತಿ ವಲಯಕ್ಕೆ ಸೇರಿದ್ದು, ಆ ವಲಯದ ಮಳೆ ಸುಮಾರು 612ರಿಂದ 1,054 ಮಿ.ಮೀ. ಹಳೇಬೀಡು ಹೋಬಳಿಯು ಬೇಲೂರು ತಾಲ್ಲೂಕಿನ ಪೂರ್ವ ಭಾಗದಲ್ಲಿದ್ದು ಅರಸೀಕೆರೆಯ ಒಣ ಸೀಮೆಗೆ ಹತ್ತಿರವಾಗಿದೆ. ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಮಣ್ಣಿನ ಆಳದ ಬೆಲೆ ಹೆಚ್ಚಾಗುತ್ತದೆ.

ಅರಸೀಕೆರೆ, ಬಾಣಾವರ ಕಡೆಗಳಲ್ಲಿ ನೆಲದಡಿಯ ಕಲ್ಲು ಮುಖ್ಯವಾಗಿ ಗ್ರಾನೈಟ್ ಮತ್ತು ನೈಸ್. ಇವು ಕರಗಿ ಉಂಟಾದ ಮಣ್ಣಿನಲ್ಲಿ ಮರಳಿನ ಅಂಶ ಅಧಿಕ. ಹಳೇಬೀಡಿನ ಆಸುಪಾಸಿನಲ್ಲಿ ಷಿಸ್ಟ್ ಎಂಬ ಪದರುಗಲ್ಲು ಸಹ ಕಂಡುಬರುತ್ತದೆ. ಹೊಯ್ಸಳ ದೇವಾಲಯಗಳಿಗೆ ಬಳಸಿದ ಬಳಪದ ಕಲ್ಲು ಈ ಗುಂಪಿನದೇ. ಇಂತಹ ಕಲ್ಲಿನ ಮೇಲೆ ಬೆಳೆದ ಮಣ್ಣು ಸಾಮಾನ್ಯವಾಗಿ ಹೆಚ್ಚು ನುಣುಪಾಗಿರುತ್ತದೆ.

3. "ಆಳವಾದ ಮಣ್ಣು" ಎಂದರೇನು?

ಬೇರು ಇಳಿಯಲು ಅಡ್ಡಿಯಾಗುವ ಬಂಡೆ ಅಥವಾ ಗಟ್ಟಿ ಪದರ ಸಿಗುವವರೆಗಿನ ಅಂತರವೇ ಮಣ್ಣಿನ ಆಳ. ಮಣ್ಣು ಸಮೀಕ್ಷೆಯಲ್ಲಿ ಇದನ್ನು ಕೆಳಕಂಡಂತೆ ವಿಂಗಡಿಸಲಾಗುತ್ತದೆ.

• 25 ಸೆಂ.ಮೀ.ಗಿಂತ ಕಡಿಮೆ – ಅತಿ ತೆಳು
• 25–50 ಸೆಂ.ಮೀ. – ತೆಳು
• 50–75 ಸೆಂ.ಮೀ. – ಸಾಧಾರಣ ತೆಳು
• 75–100 ಸೆಂ.ಮೀ. – ಸಾಧಾರಣ ಆಳ
• 100–150 ಸೆಂ.ಮೀ. – ಆಳ
• 150 ಸೆಂ.ಮೀ.ಗಿಂತ ಹೆಚ್ಚು – ಅತಿ ಆಳ

ಸಾಮಾನ್ಯವಾಗಿ ಗುಡ್ಡ ಹಾಗೂ ದಿಣ್ಣೆಗಳ ನೆತ್ತಿಯಲ್ಲಿ ಮಣ್ಣು ತೆಳುವಾಗಿಯೂ, ಇಳಿಜಾರಿನ ಮಧ್ಯ ಮತ್ತು ಕೆಳಭಾಗಗಳಲ್ಲಿ ಆಳವಾಗಿಯೂ ಇರುತ್ತದೆ. ಕೆರೆಯ ಕೆಳಗಿನ ಗದ್ದೆ ಬಯಲಿನಲ್ಲಿ ಮಣ್ಣು ಆಳವಾಗಿದ್ದರೂ ನೀರು ಸುಲಭವಾಗಿ ಬಸಿಯುವುದಿಲ್ಲ. ಆಳ ಮತ್ತು ಬಸಿಯುವಿಕೆ ಎರಡೂ ಕೂಡಿದ ಭೂಮಿ ಇಳಿಜಾರಿನ ನಡುವಣ ಹೊಲಗಳಲ್ಲಿ ಹೆಚ್ಚಾಗಿ ದೊರೆಯುತ್ತದೆ.

4. ಮಣ್ಣಿನ ಪದರಗಳು

ಆಳವಾದ ಕೆಂಪು ಮಣ್ಣಿನಲ್ಲಿ ಗುಂಡಿ ತೆಗೆದು ಅದರ ಗೋಡೆಯನ್ನು ಪರಿಶೀಲಿಸಿದಲ್ಲಿ ಸಾಮಾನ್ಯವಾಗಿ ಈ ಕೆಳಗಿನ ಪದರಗಳು ಕಂಡುಬರುತ್ತವೆ. ಆಳದ ಅಳತೆಗಳು ಹೊಲದಿಂದ ಹೊಲಕ್ಕೆ ವ್ಯತ್ಯಾಸವಾಗುತ್ತವೆ.

(ಅ) ಮೇಲ್ಮಣ್ಣು (0–20 ಸೆಂ.ಮೀ.): ನೇಗಿಲು ಆಡುವ ಪದರ. ಕಂದುಗೆಂಪು ಬಣ್ಣ, ಮರಳು ಮಿಶ್ರಿತ, ಸಡಿಲ. ಸಾವಯವ ಅಂಶ, ಎರೆಹುಳು, ಸೂಕ್ಷ್ಮಜೀವಿಗಳು ಮತ್ತು ನವಿರಾದ ಬೇರುಗಳು ಅತಿ ಹೆಚ್ಚಾಗಿರುವುದು ಇಲ್ಲಿಯೇ. ರಭಸದ ಮಳೆಯ ನಂತರ ಬಿಸಿಲು ಬಿದ್ದರೆ ಇದರ ಮೇಲೆ ಹೆಪ್ಪು ಕಟ್ಟುತ್ತದೆ. ಆಗ ರಾಗಿಯಂತಹ ಸಣ್ಣ ಬೀಜದ ಮೊಳಕೆ ಮೇಲೆ ಬರಲು ಕಷ್ಟವಾಗುತ್ತದೆ.

(ಆ) ನಡುಪದರ (20–50 ಸೆಂ.ಮೀ.): ಬಣ್ಣ ಗಾಢವಾಗುತ್ತದೆ, ಜೇಡಿಯ ಅಂಶ ಏರುತ್ತದೆ. ವರ್ಷಾನುಗಟ್ಟಲೆ ಒಂದೇ ಆಳಕ್ಕೆ ಟ್ರ್ಯಾಕ್ಟರ್ ಉಳುಮೆ ಮಾಡಿದ ಹೊಲಗಳಲ್ಲಿ ಇದರ ಮೇಲಂಚಿನಲ್ಲಿ ಗಟ್ಟಿ ತಳ ಏರ್ಪಟ್ಟಿರುವ ಸಂಭವವಿದೆ. ಗುಂಡಿಯ ಗೋಡೆಗೆ ಚಾಕು ಚುಚ್ಚಿ ಇದನ್ನು ಗುರುತಿಸಬಹುದು.

(ಇ) ಜೇಡಿ ಶೇಖರಣೆಯ ಪದರ (50–130 ಸೆಂ.ಮೀ. ಅಥವಾ ಇನ್ನೂ ಆಳ): ಸಾವಿರಾರು ವರ್ಷಗಳ ಮಳೆ ಮೇಲ್ಮಣ್ಣಿನ ನುಣುಪಾದ ಜೇಡಿಯನ್ನು ತೊಳೆದು ಇಲ್ಲಿ ತಂದಿರಿಸಿದೆ. ಈ ಪದರದ ಹೆಂಟೆಯನ್ನು ಒಡೆದು ನೋಡಿದರೆ ಅದರ ಮುಖಗಳ ಮೇಲೆ ಮೇಣ ಸವರಿದಂತೆ ಹೊಳಪು ಕಾಣುತ್ತದೆ. ಮಳೆ ನಿಂತ ಮೇಲೆ ಬೆಳೆಗೆ ನೀರು ಒದಗಿಸುವ ಉಗ್ರಾಣ ಇದೇ ಆಗಿದೆ.

(ಈ) ಕರಗುತ್ತಿರುವ ಕಲ್ಲಿನ ಪದರ: ಕೆಂಪು, ಹಳದಿ, ಬಿಳಿ ಬಣ್ಣಗಳು ಬೆರೆತಿರುತ್ತವೆ. ಕಲ್ಲಿನ ರೂಪ ಉಳಿದಿದ್ದರೂ ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಇದರ ಕೆಳಗೆ ಗಟ್ಟಿ ಮಾತೃಶಿಲೆ ಇರುತ್ತದೆ.

5. ಜೇಡಿ ಇದ್ದರೂ ನೀರು ಬಸಿಯುವುದೇಕೆ?

ಕಪ್ಪು ಮಣ್ಣಿನ ಜೇಡಿ ನೆನೆದಾಗ ಉಬ್ಬಿ ರಂಧ್ರಗಳನ್ನು ಮುಚ್ಚುತ್ತದೆ. ಕೆಂಪು ಮಣ್ಣಿನ ಜೇಡಿ ಬಹುಪಾಲು ಕೆಯೊಲಿನೈಟ್ ಜಾತಿಯದಾಗಿದ್ದು, ಹೆಚ್ಚು ಉಬ್ಬುವುದಿಲ್ಲ. ಮಣ್ಣಿಗೆ ಕೆಂಪು ಬಣ್ಣ ನೀಡುವ ಕಬ್ಬಿಣದ ಆಕ್ಸೈಡ್‌ಗಳು ಜೇಡಿಯ ಕಣಗಳನ್ನು ಸಣ್ಣ ಸಣ್ಣ ಹೆಂಟೆಗಳಾಗಿ ಹಿಡಿದಿಡುತ್ತವೆ. ಈ ಹೆಂಟೆಗಳ ನಡುವಿನ ಸಂದುಗಳಲ್ಲಿ ಹೆಚ್ಚುವರಿ ನೀರು ಇಳಿದುಹೋಗುತ್ತದೆ. ಹೆಂಟೆಯೊಳಗಿನ ಸೂಕ್ಷ್ಮ ರಂಧ್ರಗಳಲ್ಲಿ ಬೆಳೆಗೆ ಬೇಕಾದ ನೀರು ಉಳಿಯುತ್ತದೆ.

ಒಂದು ಮೀಟರ್ ಆಳದವರೆಗೂ ಏಕರೂಪವಾದ ಕೆಂಪು ಬಣ್ಣವಿದ್ದರೆ ಅಲ್ಲಿ ನೀರು ನಿಲ್ಲುವುದಿಲ್ಲ ಎಂದು ತಿಳಿಯಬಹುದು. ಬೂದು ಬಣ್ಣದ ಮಚ್ಚೆಗಳು ಕಂಡುಬಂದಲ್ಲಿ ವರ್ಷದ ಕೆಲವು ಕಾಲ ಅಲ್ಲಿ ನೀರು ನಿಂತು ಗಾಳಿಯಾಡುವುದಿಲ್ಲ ಎಂದರ್ಥ.

ಈ ಮಣ್ಣಿನ ಕೊರತೆಗಳನ್ನೂ ಗಮನಿಸಬೇಕು. ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ಕಪ್ಪು ಮಣ್ಣಿಗಿಂತ ಕಡಿಮೆ. ಸಾವಯವ ಇಂಗಾಲವೂ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಆದಕಾರಣ ಸಾರಜನಕ ಗೊಬ್ಬರವನ್ನು ಒಂದೇ ಸಲ ಹಾಕದೆ ಕಂತುಗಳಲ್ಲಿ ಕೊಡತಕ್ಕದ್ದು.

6. ಆಳದಿಂದ ದೊರೆಯುವ ನೀರಿನ ಲೆಕ್ಕ

ಜೇಡಿ ಮಿಶ್ರಿತ ಕೆಂಪು ಮಣ್ಣು ಪ್ರತಿ ಮೀಟರ್ ಆಳಕ್ಕೆ ಅಂದಾಜು 100 ಮಿ.ಮೀ.ನಷ್ಟು ನೀರನ್ನು ಬೆಳೆಗೆ ದೊರೆಯುವಂತೆ ಹಿಡಿದಿಡುತ್ತದೆ. ಒಂದು ಎಕರೆಗೆ ಇದು ಸುಮಾರು 4 ಲಕ್ಷ ಲೀಟರ್. ಅದೇ ಮಣ್ಣು 30 ಸೆಂ.ಮೀ. ಮಾತ್ರ ಇದ್ದರೆ ಉಳಿಯುವುದು ಸುಮಾರು 1 ಲಕ್ಷ 20 ಸಾವಿರ ಲೀಟರ್. ಬೆಳೆಯು ದಿನಕ್ಕೆ 4–5 ಮಿ.ಮೀ. ನೀರು ಬಳಸುವುದೆಂದು ಭಾವಿಸಿದಲ್ಲಿ, ತೆಳು ಮಣ್ಣಿನ ಬೆಳೆ ಮಳೆ ನಿಂತ ಒಂದು ವಾರದಲ್ಲಿ ಬಾಡುತ್ತದೆ. ಬೇರು ಒಂದು ಮೀಟರ್ ಇಳಿದ ಬೆಳೆ ಸುಮಾರು ಮೂರು ವಾರ ತಡೆಯುತ್ತದೆ.

ತೆಂಗಿನಂತಹ ಬಹುವಾರ್ಷಿಕ ಬೆಳೆಗೆ ಈ ವ್ಯತ್ಯಾಸ ಇನ್ನೂ ಮುಖ್ಯ. 2016–17ರ ಬರಗಾಲದಲ್ಲಿ ಅರಸೀಕೆರೆ ಭಾಗದಲ್ಲಿ ಅನೇಕ ತೆಂಗಿನ ತೋಟಗಳು ಒಣಗಿದವು. ದಶಕಗಳ ಕಾಲ ಫಲ ಕೊಡಬೇಕಾದ ಮರ ಸತ್ತರೆ, ಹೊಸ ಸಸಿ ನೆಟ್ಟು ಫಲ ಕಾಣಲು ಮತ್ತೆ ಹಲವು ವರ್ಷ ಕಾಯಬೇಕಾಗುತ್ತದೆ. ಆದುದರಿಂದ ಒಂದು ಮೀಟರ್ ಆಳ ಸಿಗದ ಜಮೀನಿನಲ್ಲಿ ಖಾತರಿ ನೀರಾವರಿ ಇಲ್ಲದೆ ತೆಂಗಿನ ತೋಟ ಮಾಡುವುದು ಸೂಕ್ತವಲ್ಲ. ಅಂತಹ ಭೂಮಿಗೆ ಹುರುಳಿಯಂತಹ ಬೆಳೆ ಅಥವಾ ಮೇವು ಹೊಂದುತ್ತದೆ.

ಬೇಲೂರು, ಹಳೇಬೀಡು ಕಡೆ ಬೆಳೆಯುವ ಆಲೂಗಡ್ಡೆ ಮತ್ತು ಶುಂಠಿಗೆ ಬಸಿಯುವಿಕೆ ಮುಖ್ಯ. ನೀರು ನಿಂತಲ್ಲಿ ಬಿತ್ತನೆ ಗೆಡ್ಡೆ ಕೊಳೆಯುತ್ತದೆ. ಶುಂಠಿಗೆ ಗೆಡ್ಡೆ ಕೊಳೆ ರೋಗ ಹರಡುತ್ತದೆ. ತಗ್ಗು ಭೂಮಿಯಲ್ಲಿ ಏರು ಮಡಿ ಮತ್ತು ಬಸಿಗಾಲುವೆ ಕಡ್ಡಾಯವೆಂದೇ ಭಾವಿಸತಕ್ಕದ್ದು.

7. ತಮ್ಮ ಜಮೀನಿನಲ್ಲಿ ಪರೀಕ್ಷಿಸುವ ವಿಧಾನ

1. ಹೊಲದ ಮೇಲ್ಭಾಗ, ನಡುಭಾಗ ಮತ್ತು ಕೆಳಭಾಗಗಳಲ್ಲಿ ತಲಾ ಒಂದು ಗುಂಡಿಯನ್ನು 1.5 ಮೀಟರ್ ಆಳಕ್ಕೆ ಅಥವಾ ಗಟ್ಟಿ ಪದರ ಸಿಗುವವರೆಗೆ ತೆಗೆಯುವುದು. ಗೋಡೆ ಕುಸಿಯದಂತೆ ಎಚ್ಚರ ವಹಿಸಿ, ನೋಡಿದ ಕೂಡಲೇ ಮುಚ್ಚತಕ್ಕದ್ದು.
2. ಪ್ರತಿ ಪದರದ ಬಣ್ಣ, ಕಲ್ಲಿನ ಪ್ರಮಾಣ ಮತ್ತು ಬೇರು ಇಳಿದಿರುವ ಆಳವನ್ನು ಬರೆದಿಟ್ಟುಕೊಳ್ಳುವುದು.
3. ಒದ್ದೆ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪಟ್ಟಿಯಂತೆ ಒತ್ತುವುದು. ಪಟ್ಟಿ ಬಾರದಿದ್ದರೆ ಮರಳಿನ ಅಂಶ ಹೆಚ್ಚು, 5 ಸೆಂ.ಮೀ.ಗಿಂತ ಉದ್ದ ಬಂದರೆ ಜೇಡಿ ಹೆಚ್ಚು.
4. ಒಂದು ಅಡಿ ಆಳದ ಗುಣಿಗೆ ನೀರು ತುಂಬಿಸಿ, ಇಂಗಿದ ಬಳಿಕ ಎರಡನೆಯ ಬಾರಿ ತುಂಬಿಸುವುದು. ಮರುದಿನವೂ ನೀರು ನಿಂತಿದ್ದರೆ ಬಸಿಯುವಿಕೆ ಸಾಲದು.

8. ಮೇಲ್ಮಣ್ಣಿನ ಸಂರಕ್ಷಣೆ

ಆಳವಾದ ಮಣ್ಣಿನಲ್ಲಿಯೂ ಫಲವತ್ತತೆಯ ಬಹುಪಾಲು ಮೇಲಿನ 20 ಸೆಂ.ಮೀ.ನಲ್ಲಿದೆ. ಒಂದು ಎಕರೆಯಿಂದ ಕೇವಲ 1 ಮಿ.ಮೀ. ದಪ್ಪದ ಮಣ್ಣು ಕೊಚ್ಚಿಹೋದರೆ ಅದು ಸುಮಾರು 5ರಿಂದ 6 ಟನ್ ಆಗುತ್ತದೆ. ಆ ಮಣ್ಣು ಕೆರೆಯ ತಳ ಸೇರಿ ಹೂಳಾಗುತ್ತದೆ. ಇಟ್ಟಿಗೆ ಗೂಡಿಗೆ ಅಥವಾ ತುಂಬುವ ಕೆಲಸಕ್ಕೆ ಮೇಲ್ಮಣ್ಣನ್ನು ಮಾರುವುದರಿಂದ ಒಂದು ಸಲಕ್ಕೆ ಹಣ ಬಂದರೂ, ಹೊಲದಲ್ಲಿ ಹೆಪ್ಪುಗಟ್ಟಿದ ಕೆಳಮಣ್ಣು ಮಾತ್ರ ಉಳಿಯುತ್ತದೆ.

• ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬಿತ್ತನೆ ಮಾಡುವುದು, ಬದುಗಳನ್ನು ದುರಸ್ತಿಯಲ್ಲಿಡುವುದು.
• ಕೊಟ್ಟಿಗೆ ಗೊಬ್ಬರ, ಸೆಣಬು ಅಥವಾ ಡಯಂಚ ಹಸಿರೆಲೆ ಗೊಬ್ಬರ, ಕೆರೆ ಗೋಡು ಬಳಸುವುದು.
• ತೆಂಗಿನ ಸಾಲುಗಳ ನಡುವೆ ಕಂದಕ ತೆಗೆದು, ಸಿಪ್ಪೆಗಳನ್ನು ಒಳಮುಖ ಮೇಲಾಗಿರುವಂತೆ ಜೋಡಿಸಿ ಮುಚ್ಚುವುದರಿಂದ ತೇವಾಂಶ ಉಳಿಯುತ್ತದೆ.

9. ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಮಣ್ಣು ಪರೀಕ್ಷೆ: ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರ ಫೆಬ್ರವರಿ 19ರಂದು ಆರಂಭವಾಯಿತು. ಮಾದರಿ ತೆಗೆಯುವಾಗ ಕಸಕಡ್ಡಿ ಸರಿಸಿ, ಹೊಲದ 8–10 ಕಡೆ ಇಂಗ್ಲಿಷಿನ 'ವಿ' ಆಕಾರದಲ್ಲಿ 15 ಸೆಂ.ಮೀ. ಗುಣಿ ತೆಗೆದು ಅದರ ಬದಿಯ ಮಣ್ಣನ್ನು ಸಂಗ್ರಹಿಸುವುದು. ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಉಳಿಸಿಕೊಳ್ಳುತ್ತಾ ಅರ್ಧ ಕೆ.ಜಿ.ಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ, ಬಟ್ಟೆ ಚೀಲದಲ್ಲಿ ಹೆಸರು, ಗ್ರಾಮ, ಸರ್ವೆ ನಂಬರಿನೊಂದಿಗೆ ನೀಡುವುದು. ಬದು, ಮರದ ನೆರಳು, ತಿಪ್ಪೆಯ ಬಳಿ ಮಾದರಿ ತೆಗೆಯಬಾರದು. ತೋಟದ ಬೆಳೆಗಳಿಗೆ 0–30, 30–60 ಮತ್ತು 60–90 ಸೆಂ.ಮೀ. ಆಳಗಳ ಮಾದರಿಗಳನ್ನು ಪ್ರತ್ಯೇಕವಾಗಿ ಕೊಡುವುದು ಉಪಯುಕ್ತ.

ಕೃಷಿ ಹೊಂಡ: ನೀರು ಬಸಿಯುವ ಗುಣ ಬೆಳೆಗೆ ಅನುಕೂಲ, ಹೊಂಡಕ್ಕೆ ಪ್ರತಿಕೂಲ. ಆಳವಾದ ಕೆಂಪು ಮಣ್ಣಿನಲ್ಲಿ ತೆಗೆದ ಹೊಂಡಕ್ಕೆ ಪಾಲಿಥೀನ್ ಹೊದಿಕೆ ಇಲ್ಲದಿದ್ದರೆ ನೀರು ಇಂಗಿಹೋಗುತ್ತದೆ. 2014–15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊದಿಕೆ ಮತ್ತು ತಂತಿ ಬೇಲಿಯನ್ನು ಸೇರಿಸಿರುವುದು ಈ ಕಾರಣಕ್ಕಾಗಿ ಹಾಗೂ ಸುರಕ್ಷತೆಗಾಗಿ.

ಹನಿ ನೀರಾವರಿ: ತೆಳು ಮಣ್ಣಿಗೆ ಸ್ವಲ್ಪ ಸ್ವಲ್ಪವೇ ಮೇಲಿಂದ ಮೇಲೆ, ಆಳವಾದ ಮಣ್ಣಿಗೆ ಹೆಚ್ಚು ನೀರನ್ನು ಅಂತರ ಬಿಟ್ಟು ಕೊಡಬಹುದಾಗಿದೆ. ವಿನ್ಯಾಸ ಮಾಡಿಸುವಾಗ ಮಣ್ಣಿನ ಆಳವನ್ನು ತಪ್ಪದೇ ತಿಳಿಸತಕ್ಕದ್ದು.

ಅರ್ಜಿ ಸಲ್ಲಿಸಲು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ ಪಡೆದ ರೈತರ ಗುರುತಿನ ಸಂಖ್ಯೆ ಅಗತ್ಯವಾಗಿರುತ್ತದೆ. ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು. ಸಹಾಯಧನದ ಪ್ರಮಾಣ ಮತ್ತು ಕೊನೆಯ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು.

10. ಹೆಚ್ಚಿನ ಮಾಹಿತಿಗಾಗಿ

ಕೃಷಿ ಬೆಳೆಗಳಿಗೆ ಸಂಬಂಧಿಸಿದಂತೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯನ್ನು, ತೆಂಗು ಮತ್ತಿತರ ತೋಟಗಾರಿಕೆ ಬೆಳೆಗಳಿಗೆ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ. ತಾಂತ್ರಿಕ ಸಲಹೆಗಾಗಿ ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನೂ ಕಾಣಬಹುದು. ಗುಂಡಿ ತೆಗೆದು ಬರೆದಿಟ್ಟುಕೊಂಡ ಪದರಗಳ ವಿವರವನ್ನು ಜೊತೆಯಲ್ಲಿ ತಂದಲ್ಲಿ, ತಮ್ಮ ಜಮೀನಿಗೆ ತಕ್ಕ ಸಲಹೆ ನೀಡಲು ಅಧಿಕಾರಿಗಳಿಗೆ ಅನುಕೂಲವಾಗುತ್ತದೆ.