ಪಲ್ಯಕ್ಕೆ ಸೌಟು, ಊಟದ ಮೇಲೆ ಹತ್ತು ನಿಮಿಷ

ಮನೆಯವರ ಊಟ ಹೇಗಿದೆ ಎಂದು ತಿಳಿಯಬೇಕೆ? ಮೊದಲು ತಿಂಗಳ ದಿನಸಿ ಚೀಟಿ ತೆಗೆದು ನೋಡಿ. ಎಷ್ಟು ಕೆ.ಜಿ. ಅಕ್ಕಿ, ಎಷ್ಟು ಬೇಳೆ, ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಎಂಬುದೆಲ್ಲ ಅಲ್ಲಿ ಸಾಲಾಗಿ ಬರೆದಿರುತ್ತದೆ. ನಿನ್ನೆ ಮೊನ್ನೆ ಏನು ತಿಂದೆವೆಂದು ನೆನಪಿನಿಂದ ಹೇಳಹೊರಟರೆ ಪಲ್ಯ ಹೆಚ್ಚಾಗುತ್ತದೆ, ಬೋಂಡಾ ಮರೆತುಹೋಗುತ್ತದೆ. ಚೀಟಿಯ ಲೆಕ್ಕವನ್ನು ಅದಕ್ಕಿಂತ ಹೆಚ್ಚು ನಂಬಬಹುದು.

ಆ ಚೀಟಿಯನ್ನು ಯಾವುದರ ಜೊತೆ ಹೋಲಿಸಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪರಿಷ್ಕರಿಸಿದ ಆಹಾರ ಮಾರ್ಗಸೂಚಿ ಹೊರತಂದಿದೆ. ದಿನಕ್ಕೆ 2000 ಕ್ಯಾಲೊರಿ ಸಾಕಾಗುವ ವಯಸ್ಕರಿಗೆ ಅದು ಕೊಡುವ ಅಳತೆ ಹೀಗಿದೆ: ಅಕ್ಕಿ, ರಾಗಿ, ಜೋಳ, ಗೋಧಿ ಎಲ್ಲ ಸೇರಿ 250 ಗ್ರಾಂ, ಬೇಳೆ-ಕಾಳು 85 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು-ಮೊಸರು 300 ಮಿ.ಲೀ.; ಕಡಲೆಬೀಜ, ಎಳ್ಳಿನಂಥವು 35 ಗ್ರಾಂ; ಎಣ್ಣೆ-ತುಪ್ಪ 27 ಗ್ರಾಂ. ಧಾನ್ಯ, ಬೇಳೆ, ತರಕಾರಿಗಳದ್ದು ಬೇಯಿಸುವ ಮೊದಲಿನ ತೂಕ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಬೇಳೆಯ ಒಂದು ಪಾಲಿನ ಬದಲು ಅವನ್ನು ತಿನ್ನಬಹುದು.

ನಾಲ್ವರು ದೊಡ್ಡವರಿರುವ ಮನೆಗೆ ಇದನ್ನು ತಿಂಗಳ ಲೆಕ್ಕಕ್ಕೆ ಇಳಿಸಿದರೆ ಧಾನ್ಯ 30 ಕೆ.ಜಿ., ಬೇಳೆ-ಕಾಳು 10 ಕೆ.ಜಿ., ಎಣ್ಣೆ-ತುಪ್ಪ ಸೇರಿ ಮೂರೂವರೆ ಲೀಟರ್ ಆಗುತ್ತದೆ. ಇಷ್ಟೂ ಅಂಕಿ ನೆನಪಿಡಬೇಕಾಗಿಲ್ಲ. ಮೂರು ಕೆ.ಜಿ. ಧಾನ್ಯಕ್ಕೆ ಒಂದು ಕೆ.ಜಿ. ಬೇಳೆ-ಕಾಳು ಎಂಬ ಒಂದೇ ಮಾತು ಸಾಕು. ನಮ್ಮ ಬಹುಪಾಲು ಮನೆಗಳ ಚೀಟಿ ಮುಗ್ಗರಿಸುವುದು ಇಲ್ಲೇ. ಅಕ್ಕಿ ಮೂಟೆಯಲ್ಲಿ ಬರುತ್ತದೆ, ತೊಗರಿಬೇಳೆ ಎರಡು ಕೆ.ಜಿ. ಬರುತ್ತದೆ, ಹೆಸರುಕಾಳು, ಅಲಸಂದೆ, ಹುರುಳಿ ಅರ್ಧರ್ಧ ಕೆ.ಜಿ. ಬಂದು ಡಬ್ಬಿಯಲ್ಲೇ ಹುಳು ಹಿಡಿಯುತ್ತವೆ.

ಇದರ ಪರಿಣಾಮ ದೇಶದ ಮಟ್ಟದಲ್ಲೂ ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ನಮ್ಮ ದಿನದ ಕ್ಯಾಲೊರಿಯಲ್ಲಿ ಶೇ. 62ರಷ್ಟು ಬರುವುದು ಪಿಷ್ಟ ಮತ್ತು ಸಕ್ಕರೆಯಿಂದ. ಅದೇ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ, ಇನ್ನೂ ಸುಮಾರು 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು 2023ರಲ್ಲಿ ಅಂದಾಜಿಸಿತು. ಅಕ್ಕಿಯನ್ನು ಹಳಿದು ಪ್ರಯೋಜನವಿಲ್ಲ. ಪಕ್ಕದಲ್ಲಿ ಬೇರೆ ಏನೂ ಇಲ್ಲದ ಅನ್ನದಿಂದಲೇ ತೊಂದರೆ.

ಹಾಗಾದರೆ ರಾಗಿಗೆ ಬದಲಾಯಿಸಿದರೆ ಆಯಿತಲ್ಲ ಎನ್ನುವವರು ಬಹಳ. ರಾಗಿಯ ಮೇಲೆ ನನಗೂ ಅಪಾರ ಅಭಿಮಾನ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಹತ್ತು ಮಿ.ಗ್ರಾಂ ಕೂಡ ಇಲ್ಲ. ನಾರಿನಂಶ ಅಕ್ಕಿಯದಕ್ಕಿಂತ ಸುಮಾರು ನಾಲ್ಕು ಪಟ್ಟು. ಆದರೆ ಪ್ರೋಟೀನ್ ವಿಷಯಕ್ಕೆ ಬಂದರೆ ರಾಗಿಯಲ್ಲಿ 7 ಗ್ರಾಂ, ಅಕ್ಕಿಯಲ್ಲಿ ಸುಮಾರು 8 ಗ್ರಾಂ. ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ರಾಗಿಯೇ ತುಸು ಹಿಂದೆ. ಪಿಷ್ಟವೂ ರಾಗಿಯಲ್ಲಿ ನೂರಕ್ಕೆ 67 ಗ್ರಾಂನಷ್ಟಿದೆ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಎರಡು ಮುದ್ದೆಯನ್ನು ನೀರು ಸಾರಿನಲ್ಲಿ ಅದ್ದಿ ನುಂಗಿದರೆ ರಕ್ತದ ಸಕ್ಕರೆ ಏರದೆ ಇರುವುದಿಲ್ಲ.

ಮುದ್ದೆಯೂಟದ ನಿಜವಾದ ಬಲ ಅದರ ಜೊತೆಗಾರರಲ್ಲಿದೆ. ಬಸ್ಸಾರು ಮಾಡುವ ಕ್ರಮವನ್ನೇ ನೋಡಿ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿಯುತ್ತಾರೆ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿದರೆ ಪಲ್ಯ. ಪ್ರೋಟೀನ್ ಹೆಚ್ಚಾಗಿ ಉಳಿಯುವುದು ಆ ಪಲ್ಯದಲ್ಲಿ. ಸಾರನ್ನು ಸುರಿದುಕೊಂಡು ಪಲ್ಯವನ್ನು ತಟ್ಟೆಯಂಚಿಗೆ ಒಂದು ಚಮಚ ಹಾಕಿಕೊಂಡರೆ ಕಾಳು ತಿಂದಂತಾಗಲಿಲ್ಲ. ತಿಳಿಸಾರಿನ ಮಾತೂ ಅದೇ. ಮೂರು ಹೊತ್ತೂ ಬೇಳೆ ಸಾರು ಉಂಡೆವು ಎನ್ನುವ ಮನೆಯಲ್ಲಿ ಒಬ್ಬೊಬ್ಬರ ಪಾಲಿಗೆ ಬಂದ ಬೇಳೆ ಒಂದು ಹಿಡಿಗಿಂತ ಕಡಿಮೆ ಇರಬಹುದು.

ಆದ್ದರಿಂದ ನಾನು ಎಲ್ಲರಿಗೂ ಹೇಳುವ ಮೊದಲ ಬದಲಾವಣೆ ಬಡಿಸುವ ಕೈಯದು. ನಮ್ಮ ಅಡುಗೆಮನೆಗಳಲ್ಲಿ ಅನ್ನದ ಪಾತ್ರೆಯಲ್ಲಿ ಅಗಲವಾದ ದೊಡ್ಡ ಕೈ ಇರುತ್ತದೆ, ಪಲ್ಯದ ಬಟ್ಟಲಲ್ಲಿ ಚಿಕ್ಕ ಚಮಚ. ಅವೆರಡನ್ನು ಅದಲು ಬದಲು ಮಾಡಿ. ಪಲ್ಯಕ್ಕೆ ಸೌಟು, ಅನ್ನಕ್ಕೆ ಚಮಚ. ಬೇಕಾದವರು ಮತ್ತೆ ಹಾಕಿಸಿಕೊಳ್ಳಲಿ, ಯಾರನ್ನೂ ತಡೆಯಬೇಕಾಗಿಲ್ಲ. ಪಲ್ಯ ಹೆಚ್ಚು ಬಡಿಸಬೇಕಾದರೆ ಹೆಚ್ಚು ಮಾಡಲೇಬೇಕಾಗುತ್ತದೆ, ಹೆಚ್ಚು ಮಾಡಬೇಕಾದರೆ ಸಂತೆಯಿಂದ ಹೆಚ್ಚು ತರಬೇಕಾಗುತ್ತದೆ. ಚೀಟಿ ತಾನಾಗಿ ತಿದ್ದಿಕೊಳ್ಳುತ್ತದೆ.

ಎರಡನೆಯದು ಉಣ್ಣುವ ಸರದಿ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮಧುಮೇಹವಿದ್ದ 11 ಜನರಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟು ನೋಡಿದರು. ತರಕಾರಿ, ಮಾಂಸ ಮೊದಲು ತಿಂದು ಬ್ರೆಡ್ಡನ್ನು ಕೊನೆಗೆ ತಿಂದ ದಿನ, ಒಂದು ಗಂಟೆಯ ಬಳಿಕದ ಸಕ್ಕರೆಯ ಮಟ್ಟ ಶೇ. 37ರಷ್ಟು ಕಡಿಮೆ ಇತ್ತು. 11 ಜನ ಎಂದರೆ ಬಹಳ ಚಿಕ್ಕ ಗುಂಪು, ಅದನ್ನು ಮರೆಯಬಾರದು. ಆದರೂ ಕಾರಣ ಸರಳ: ನಾರು, ಪ್ರೋಟೀನ್ ಮೊದಲು ಹೋದರೆ ಹೊಟ್ಟೆಯಿಂದ ಆಹಾರ ಕರುಳಿಗೆ ನಿಧಾನವಾಗಿ ಇಳಿಯುತ್ತದೆ. ನಮ್ಮ ಎಲೆಯೂಟದಲ್ಲಿ ಕೋಸಂಬರಿ, ಪಲ್ಯ ಬಡಿಸಿದ ಮೇಲೆ ಅನ್ನ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯ, ಮೂಲಂಗಿ, ಈರುಳ್ಳಿ, ಮೊಳಕೆ ಕಾಳಿನ ಪಲ್ಯ ಇಡುತ್ತಾರೆ. ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ, ಬಡಿಸಿದ್ದನ್ನು ಅನ್ನ ಬರುವ ಮೊದಲೇ ತಿಂದರೆ ಆಯಿತು.

ಕೋಸಂಬರಿಯನ್ನು ಹಬ್ಬಕ್ಕೆ ಮಾತ್ರ ಮೀಸಲಿಟ್ಟಿರುವುದು ದೊಡ್ಡ ನಷ್ಟ. 100 ಗ್ರಾಂ ಹೆಸರುಬೇಳೆಯನ್ನು ಒಂದೆರಡು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಹೆಚ್ಚಿದ ಸೌತೆಕಾಯಿ, ತುರಿದ ಕ್ಯಾರೆಟ್, ಕೊತ್ತಂಬರಿ ಸೊಪ್ಪು ಸೇರಿಸಬೇಕು. ಉಪ್ಪನ್ನು ತಿನ್ನುವ ಹೊತ್ತಿಗೆ ಹಾಕಿ, ಇಲ್ಲವಾದರೆ ಸೌತೆ ನೀರು ಬಿಟ್ಟು ಎಲ್ಲ ಜೋಲುತ್ತದೆ. ಸಾಸಿವೆ, ಇಂಗಿನ ಒಗ್ಗರಣೆಗೆ ಒಂದು ಚಮಚ ಎಣ್ಣೆ ಸಾಕು. ನಾಲ್ವರಿಗೆ ಹಂಚಿದರೆ ತಲಾ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಮೊಟ್ಟೆಯಲ್ಲಿರುವಷ್ಟು. ಒಲೆಯ ಮುಂದೆ ನಿಲ್ಲುವ ಕೆಲಸ ಎರಡು ನಿಮಿಷದ್ದು. ಕೊನೆಗೆ ಹಿಂಡುವ ನಿಂಬೆಹಣ್ಣು ರುಚಿಗಷ್ಟೇ ಅಲ್ಲ, ಅದರಲ್ಲಿರುವ ವಿಟಮಿನ್ ಸಿ ಕಾಳು-ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಊಟದ ಜೊತೆಗೇ ಕುಡಿಯುವ ಕಾಫಿ, ಟೀ ಅದನ್ನು ತಡೆಯುತ್ತವೆ. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇಡಿ.

ಕಬ್ಬಿಣದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 48ರಷ್ಟು ಜನರಿಗೆ ರಕ್ತಹೀನತೆ ಇದೆ. ಕಾರಣಗಳು ಹಲವು. ಆದರೆ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳ ತಟ್ಟೆಯನ್ನು ಒಮ್ಮೆ ನೋಡಿ. ಅನ್ನ ಉಳಿದಿರುತ್ತದೆ, ಸಾರು ಉಳಿದಿರುತ್ತದೆ, ಪಲ್ಯದ ಬಟ್ಟಲು ಖಾಲಿಯಾಗಿರುತ್ತದೆ. "ಅಮ್ಮಾ, ನಿನಗೆ ಪಲ್ಯ ಉಳಿಸಿದೀವಾ?" ಎಂದು ಕೇಳುವ ಹೊತ್ತಿಗೆ ಅದು ಮುಗಿದಿರುತ್ತದೆ. ಪಲ್ಯ ಒಲೆಯಿಂದ ಇಳಿದ ತಕ್ಷಣ ಅಡುಗೆ ಮಾಡಿದವರ ಪಾಲು ಮೊದಲು ತೆಗೆದಿಡಬೇಕು, ಅಥವಾ ಎಲ್ಲರೂ ಒಟ್ಟಿಗೆ ಕೂರಬೇಕು.

ಸಕ್ಕರೆ, ಉಪ್ಪಿನ ಲೆಕ್ಕ ಬೇಗ ಮುಗಿಯುತ್ತದೆ. ಮೇಲಿಂದ ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ 25 ಗ್ರಾಂನೊಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೋಟಕ್ಕೆ ಎರಡು ಚಮಚದಂತೆ ಮೂರು ಲೋಟ ಕಾಫಿ ಕುಡಿದರೆ ಅಲ್ಲಿಗೆ ಪಾಲು ಮುಗಿಯಿತು. ಉಪ್ಪು ತಲಾ 5 ಗ್ರಾಂ ಎಂದರೆ ನಾಲ್ವರಿಗೆ ತಿಂಗಳಿಗೆ 600 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರದ ತಿಂಡಿಗಳ ಉಪ್ಪೂ ಇದರೊಳಗೇ ಬರಬೇಕು.

ಈಗ ನಡಿಗೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಶ್ರಮ ಮಾಡಬೇಕು, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಅಂಕಿ ಬಂದದ್ದು ಮಾತ್ರ ಬೇರೆ ದಾರಿಯಲ್ಲಿ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದು ಅದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮೀಟರ್' ಎಂಬ ಅರ್ಥದ ಹೆಸರಿಟ್ಟಿತು. 2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಹತ್ತು ಸಾವಿರ ಮುಟ್ಟಲಾಗಲಿಲ್ಲವೆಂದು ನಡೆಯುವುದನ್ನೇ ಬಿಟ್ಟವರು ಇದನ್ನು ತಿಳಿಯಬೇಕು.

ಯಾವಾಗ ನಡೆಯಬೇಕು? ಬೆಳಗಿನ ಐದೂವರೆಗೆ ಏಳಲಾಗದೆ ಸೋತವರಿಗೆ ನನ್ನ ಉತ್ತರ, ಊಟವಾದ ಮೇಲೆ. ಉಂಡ ಒಂದು, ಒಂದೂವರೆ ಗಂಟೆಯೊಳಗೆ ರಕ್ತದ ಸಕ್ಕರೆ ಏರಿ ತುದಿ ಮುಟ್ಟುತ್ತದೆ. ಅದು ಸ್ನಾಯುವಿನೊಳಗೆ ಹೋಗಲು ಸಾಮಾನ್ಯವಾಗಿ ಇನ್ಸುಲಿನ್ ಬಂದು ಬಾಗಿಲು ತೆರೆಯಬೇಕು. ನಡೆಯುವಾಗ ತೊಡೆ, ಮೀನಖಂಡದ ಸ್ನಾಯುಗಳು ಬಿಗಿದು ಸಡಿಲುವ ಕೆಲಸವೇ ಆ ಬಾಗಿಲನ್ನು ಒಳಗಿನಿಂದ ತೆರೆಯುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಮೈಯಲ್ಲೂ ಈ ದಾರಿ ಕೆಲಸ ಮಾಡುತ್ತದೆ, ಅದೇ ಇದರ ದೊಡ್ಡ ಉಪಕಾರ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಮಧುಮೇಹವಿದ್ದ 41 ಜನರನ್ನು ಎರಡು ವಾರ ದಿನಕ್ಕೊಮ್ಮೆ 30 ನಿಮಿಷ ನಡೆಸಿದರು, ಇನ್ನೆರಡು ವಾರ ಮೂರು ಊಟಗಳ ನಂತರ ಹತ್ತತ್ತು ನಿಮಿಷ ನಡೆಸಿದರು. ಒಟ್ಟು ಸಮಯ ಒಂದೇ. ಊಟದ ನಂತರ ನಡೆದಾಗ ಸಕ್ಕರೆಯ ಏರಿಕೆ ಸರಾಸರಿ ಶೇ. 12ರಷ್ಟು ಕಡಿಮೆಯಾಯಿತು, ರಾತ್ರಿಯೂಟದ ಬಳಿಕವಂತೂ ಶೇ. 22. ರಾತ್ರಿ ಉಂಡು ಸೋಫಾದ ಮೇಲೆ ಕೂತು ಧಾರಾವಾಹಿ ನೋಡಿ ಹಾಗೇ ಮಲಗುವ ನಮಗೆ ಇದಕ್ಕಿಂತ ಹತ್ತಿರದ ಮಾತು ಇಲ್ಲ.

ಉತ್ಸಾಹ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಸಿಗುತ್ತದೆ. ಉತ್ಸಾಹವನ್ನು ನಂಬಿಕೊಂಡು ವ್ಯಾಯಾಮ ಮಾಡಲಾಗದು, ಅದು ಬಂದು ಹೋಗುವಂಥದ್ದು. ದಿನವೂ ತಪ್ಪದೆ ಮಾಡುವ ಯಾವುದಾದರೂ ಕೆಲಸಕ್ಕೆ ವ್ಯಾಯಾಮವನ್ನು ಗಂಟು ಹಾಕಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನದಲ್ಲಿ ಪ್ರತಿಯೊಬ್ಬರೂ ಹೀಗೆ ದಿನದ ಒಂದು ಸಂದರ್ಭಕ್ಕೆ ಹೊಸ ಅಭ್ಯಾಸವೊಂದನ್ನು ಕಟ್ಟಿಕೊಂಡರು. ಯೋಚಿಸದೆ ಮಾಡುವ ಮಟ್ಟಕ್ಕೆ ಅದು ಬರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರ ಅಂದಾಜು 254 ದಿನದವರೆಗೆ ಹೋಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ. ಇಪ್ಪತ್ತೊಂದೇ ದಿನದಲ್ಲಿ ರೂಢಿಯಾಗುತ್ತದೆ ಎಂಬ ಮಾತು ನಂಬಿ, ಇಪ್ಪತ್ತೆರಡನೇ ದಿನವೂ ಬೇಸರವಾಯಿತೆಂದು ಕೈಬಿಡುವವರಿಗೆ ಇದು ಸಮಾಧಾನದ ಸುದ್ದಿ.

ಕೈಯಲ್ಲಿ ಉಣ್ಣುವ ನಮಗೆ ಗಂಟು ಹಾಕಲು ಒಳ್ಳೆಯ ಸಂದರ್ಭ ಆಗಲೇ ಇದೆ: ಊಟ ಮುಗಿದ ಮೇಲೆ ಕೈ ತೊಳೆಯಲು ಏಳಲೇಬೇಕು. ಕೈ ಒರೆಸಿಕೊಂಡವರು ಮತ್ತೆ ಕೂರದೆ ನೇರ ಚಪ್ಪಲಿ ಮೆಟ್ಟಬೇಕು. ಚಪ್ಪಲಿ ಬಾಗಿಲ ಬಳಿಯೇ ಇರಲಿ. ಬೀದಿಯ ಕೊನೆಯ ಮನೆಯವರೆಗೆ ಹೋಗಿ ಬಂದರೆ ಹತ್ತು ನಿಮಿಷವಾಗುತ್ತದೆಯೇ ಎಂದು ಒಮ್ಮೆ ನೋಡಿಕೊಂಡರೆ ಗಡಿಯಾರವೂ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಜಗಲಿ, ಪಡಸಾಲೆ ಸಾಕು. ವೇಗ ಎಷ್ಟಿರಬೇಕೆಂದರೆ ಜೊತೆಯವರೊಡನೆ ಮಾತಾಡಲು ಬರಬೇಕು, ಹಾಡಲು ಬರಬಾರದು. ಏದುಸಿರು ಬರುವಂತೆ ಓಡಿದವರು ಮರುದಿನ ಮನಸ್ಸಿನಲ್ಲೇ ಹಿಂಜರಿಯುತ್ತಾರೆ, ಮೈಗೆ ನೆನಪಿರುವುದು ಆ ಸಂಕಟವೇ. ಹೊಟ್ಟೆ ಬಿರಿಯ ಉಂಡ ದಿನ ಇನ್ನೂ ನಿಧಾನವಾಗಿ ಹೋಗಿ. ಜೊತೆಗೆ ಒಬ್ಬರಿದ್ದರೆ ಇನ್ನೂ ಒಳ್ಳೆಯದು. "ಬರ್ತೀರೇನ್ರೀ, ಒಂದು ಸುತ್ತು?" ಎಂದು ಪಕ್ಕದ ಮನೆಯಿಂದ ದನಿ ಬಂದರೆ ಇಲ್ಲವೆನ್ನುವುದು ಕಷ್ಟ.

ನಡಿಗೆಯೊಂದರಿಂದ ಸ್ನಾಯು ಬೆಳೆಯುವುದಿಲ್ಲ, ಅದಕ್ಕೆ ಬಸ್ಕಿ ಬೇಕು. ರೂಪದರ್ಶಿ, ಶಾಂತಲಾ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ದೂರದವರಿಗೆ ಅಂಚೆಯಲ್ಲೇ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು ಎಂದರೆ ಮನೆಯಲ್ಲೇ ಮೈ ಬಲಪಡಿಸಿಕೊಳ್ಳುವ ಪರಂಪರೆ ನಮಗೆ ಹೊಸದಲ್ಲ. ವಾರಕ್ಕೆ ಎರಡು ದಿನ ಹತ್ತು ಬಸ್ಕಿ, ಗೋಡೆಗೆ ಕೈಯೂರಿ ಹತ್ತು ದಂಡ, ಹೀಗೆ ಎರಡು ಸುತ್ತು. ಮಂಡಿ ನೋವಿರುವ ಹಿರಿಯರು ಗಟ್ಟಿ ಕುರ್ಚಿಯ ಮೇಲೆ ಕೂತು, ಕೈ ಊರದೆ ಎದ್ದು ನಿಲ್ಲುವುದನ್ನು ಅಭ್ಯಾಸ ಮಾಡಲಿ. ಶೌಚಾಲಯದಿಂದ, ಬಸ್ಸಿನ ಸೀಟಿನಿಂದ ಯಾರ ಆಸರೆಯೂ ಇಲ್ಲದೆ ಏಳಲು ಬೇಕಾದ ಶಕ್ತಿ ಅದೇ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಹೊಸದಾಗಿ ನಡಿಗೆ ಶುರುಮಾಡುವ ಮುನ್ನ ವೈದ್ಯರನ್ನು ಕೇಳಿ, ನಡೆಯುವಾಗ ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳಬೇಕು. ಎದೆ ಬಿಗಿತ, ತಲೆ ಸುತ್ತು ಬಂದರೆ ಅಲ್ಲೇ ನಿಂತು ನೆರವು ಕೇಳಬೇಕು.

ಜ್ವರ, ಮದುವೆ ಮನೆ, ಪರೀಕ್ಷೆ ಎಂದು ಹದಿನೈದು ದಿನ ಎಲ್ಲವೂ ನಿಂತುಹೋದರೆ ಬಿಟ್ಟ ದಿನಗಳ ಸಾಲ ತೀರಿಸಲು ಹೋಗಬೇಡಿ. ಮೊದಲ ವಾರ ರಾತ್ರಿಯೂಟದ ನಂತರದ ಹತ್ತು ನಿಮಿಷ ಮಾತ್ರ ಇರಲಿ. ಎರಡನೇ ವಾರ ಮಧ್ಯಾಹ್ನದ್ದನ್ನು ಸೇರಿಸಿ, ಬಸ್ಕಿಯನ್ನು ಹಿಂದಿನ ಅರ್ಧ ಲೆಕ್ಕದಿಂದ ಮತ್ತೆ ಹಿಡಿಯಿರಿ.