ನೆಲಕ್ಕೆ ಬೀಳದ ಹನಿ

ಕುಕ್ಕರಿನ ಗ್ಯಾಸ್ಕೆಟ್ ಸವೆದಿದೆಯೇ ಎಂಬುದನ್ನು ತಣ್ಣಗಿರುವ ಕುಕ್ಕರ್ ನೋಡಿ ಹೇಳಲಾದೀತೆ? ಒಲೆಯ ಮೇಲಿಟ್ಟು, ಒಳಗೆ ಆವಿ ತುಂಬಿದಾಗಲೇ ಅಂಚಿನಲ್ಲಿ ಬುಸ್ಸೆನ್ನುವುದು. ಕಾರಿನ ಕೂಲೆಂಟ್ ಸೋರುವ ಬಗೆಯೂ ಬಹುಮಟ್ಟಿಗೆ ಹೀಗೆಯೇ. ಇಷ್ಟು ತಿಳಿಯಲು ನಾನು ಡೀಲರರ ಸರ್ವೀಸ್ ಸೆಂಟರಿಗೆ ಮೂರು ಸಲ ಅಲೆಯಬೇಕಾಯಿತು. ಓದಿದ ಬಿ.ಎಸ್ಸಿ. ಹೊತ್ತಿಗೆ ಸರಿಯಾಗಿ ನೆನಪಾಗಲಿಲ್ಲ!

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆಯಷ್ಟೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಎಂಜಿನ್ನಿನ ಸುತ್ತ ಹರಿಯುವ ದ್ರವವಾದರೋ 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಘಾಟಿ ಹತ್ತುವಾಗ ಇನ್ನೂ ಕಾಯುತ್ತದೆ. ಅದಕ್ಕೆಂದೇ ರೇಡಿಯೇಟರಿನ ಮುಚ್ಚಳದಲ್ಲಿ ಸ್ಪ್ರಿಂಗ್ ಇಟ್ಟು, ಒಳಗಿನ ಒತ್ತಡವನ್ನು ಹೊರಗಿನದರ ಸುಮಾರು ಎರಡರಷ್ಟಕ್ಕೆ ಏರಗೊಡುತ್ತಾರೆ. ಆ ಒತ್ತಡದಲ್ಲಿ ಬರಿಯ ನೀರೂ ಸುಮಾರು 120 ಡಿಗ್ರಿವರೆಗೆ ಕುದಿಯದು. ಎಥಿಲೀನ್ ಗ್ಲೈಕಾಲ್ ಬೆರೆತರೆ ಕುದಿಬಿಂದು ಇನ್ನೂ ಮೇಲೇರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡ ಇಳಿದೊಡನೆ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ನನ್ನ ಕಾರಿನಲ್ಲಿ ವಾರಕ್ಕೆ ಬೆರಳಗಲದಷ್ಟು ಕೂಲೆಂಟ್ ಕಡಿಮೆಯಾಗುತ್ತಿತ್ತು. ವಾರಂಟಿಗೆ ಉಳಿದದ್ದು ಎರಡೇ ತಿಂಗಳು. ಸರ್ವೀಸ್ ಸೆಂಟರಿನವರು ರಾತ್ರಿಯಿಡೀ ನಿಂತು ಆರಿದ್ದ ಕಾರಿನ ಕೆಳಗೆ ಬಗ್ಗಿ ನೋಡಿ, "ಒಂದು ಹನಿಯೂ ಇಲ್ಲ ಸಾರ್" ಎಂದರು. ಕೂಲೆಂಟ್ ತುಂಬಿಸಿ ಬಿಲ್ಲು ಕೊಟ್ಟರು. ಎರಡನೆಯ ಸಲ, "ಅದು ಎ.ಸಿ. ನೀರು" ಎಂದರು. ಎ.ಸಿ.ಯಿಂದ ತೊಟ್ಟಿಕ್ಕುವುದು ಬಣ್ಣವಿಲ್ಲದ ಶುದ್ಧ ನೀರು. ಕೂಲೆಂಟಿಗೆ ಹಸಿರೋ ಗುಲಾಬಿಯೋ ಬಣ್ಣ ಸೇರಿಸಿರುತ್ತಾರೆ. ಮುಟ್ಟಿದರೆ ಜಾರುತ್ತದೆ, ಸಿಹಿ ವಾಸನೆ. ರುಚಿ ನೋಡಬೇಡಿ, ಎಥಿಲೀನ್ ಗ್ಲೈಕಾಲ್ ವಿಷ. ಬೀದಿನಾಯಿಗಳು ಅದನ್ನು ನೆಕ್ಕಿ ಸಾಯುವುದುಂಟು.

ಆಮೇಲೆ ನಾನೇ ಲೆಕ್ಕ ಇಡತೊಡಗಿದೆ. ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಮೇಲೆ ಮಟ್ಟದ ಗೆರೆ, ಪುಸ್ತಕದಲ್ಲಿ ತಾರೀಖು ಮತ್ತು ಓಡಿದ ಕಿಲೋಮೀಟರು. ರಾತ್ರಿ ಕಾರಿನ ಕೆಳಗೆ ರಟ್ಟು. ರಟ್ಟು ಒಣಗಿಯೇ ಇತ್ತು, ಗೆರೆ ಮಾತ್ರ ಇಳಿಯುತ್ತಿತ್ತು. ಒಂದು ಸಂಜೆ ಎಂಜಿನ್ ನಿಲ್ಲಿಸಿ ಟಾರ್ಚ್ ಹಿಡಿದು ನೋಡಿದರೆ, ವಾಟರ್ ಪಂಪಿನ ಕೆಳಗೆ ಗುಲಾಬಿ ಬಣ್ಣದ ಹಕ್ಕಳೆ! ಪಂಪಿನ ಸೀಲ್ ಸವೆದಾಗ ದ್ರವ ಬೇರಿಂಗಿಗೆ ನುಗ್ಗದಂತೆ ಹೊರಗೆ ಬಿಡಲು ಅಲ್ಲೊಂದು ಸಣ್ಣ ರಂಧ್ರವಿರುತ್ತದೆ. ಬಿಸಿಗೆ ನೀರು ಆರಿ ಬಣ್ಣ ಮಾತ್ರ ಉಳಿದಿತ್ತು. ಹೊರಗೆಲ್ಲೂ ಗುರುತಿಲ್ಲದೆ ಮಟ್ಟ ಇಳಿದರೆ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಆಗ ಹೊಗೆ ಬೆಳ್ಳಗಿರುತ್ತದೆ, ಎಂಜಿನ್ ಆಯಿಲ್ ಹಾಲು ಬೆರೆತಂತೆ ಕಾಣುತ್ತದೆ.

ಮೂರನೆಯ ಸಲ, ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸಿ, ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಯಿರಿ ಎಂದೆ. ಬರೆಯಲೊಪ್ಪಲಿಲ್ಲ. ವಾರಂಟಿ ಮುಗಿದ ಮೇಲೆ ಬರಿ ಬಾಯಿಮಾತನ್ನು ಯಾರು ನಂಬುತ್ತಾರೆ? ಗೆರೆಗಳ ಲೆಕ್ಕ, ಫೋಟೋ, ಹಳೆಯ ಬಿಲ್ಲುಗಳನ್ನು ಸೇರಿಸಿ ತಯಾರಕ ಕಂಪನಿಗೇ ಬರೆದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ಸೇವಾನ್ಯೂನತೆ, ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು ಎಂದೂ ಸೇರಿಸಿದೆ. (ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.)

ವಾರದೊಳಗೆ ಕರೆ ಬಂತು. ಪಂಪು ಒತ್ತಿ ಕಾದೆವು. ಹತ್ತು ನಿಮಿಷದಲ್ಲಿ ಮಾಪಕದ ಮುಳ್ಳು ಇಳಿಯಿತು, ರಂಧ್ರದಲ್ಲೊಂದು ಹನಿ ಮೂಡಿತು. "ನೋಡಿ ಸಾರ್, ಈಗ ಬಂತು" ಎಂದ ಮೆಕ್ಯಾನಿಕ್ ಹುಡುಗ, ತನ್ನದೇ ಶೋಧವೆಂಬಂತೆ. ವಾಟರ್ ಪಂಪನ್ನು ವಾರಂಟಿಯಲ್ಲೇ ಬದಲಾಯಿಸಿದರು. ಮೊದಲ ಸಲ ತುಂಬಿಸಿದ ಕೂಲೆಂಟಿನ ಹಣ ಮಾತ್ರ ವಾಪಸು ಬರಲಿಲ್ಲ.