ಸಂತ ಫಿಲೋಮಿನಾ: ಮೂರು ಫಲಕಗಳ ಕಥೆ

ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಜೋಡಿ ಶಿಖರಗಳನ್ನು ನಾವೆಲ್ಲರೂ ಬಲ್ಲೆವು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅದಕ್ಕೆ ಅಸ್ತಿಭಾರವನ್ನಿಟ್ಟರೆಂಬುದೂ ವಿದಿತವೇ. ಆದರೆ ಈ ಫಿಲೋಮಿನಾ ಯಾರು? ಉತ್ತರವು ನಾವೆಣಿಸುವಷ್ಟು ಸುಲಭವಲ್ಲ.

1802ನೆಯ ಇಸವಿಯ ಮೇ ತಿಂಗಳಿನಲ್ಲಿ ರೋಮಾಪುರಿಯ ಪ್ರಿಸಿಲ್ಲಾ ಎಂಬ ಭೂಗರ್ಭ ಶ್ಮಶಾನದಲ್ಲಿ, ಮಣ್ಣಿನ ಮೂರು ಫಲಕಗಳಿಂದ ಮುಚ್ಚಿದ್ದ ಒಂದು ಗೋರಿಯು ಕಂಡುಬಂದಿತು. ಒಳಗೆ ಎಳೆಯ ಹುಡುಗಿಯೊಬ್ಬಳ ಅಸ್ಥಿಗಳಿದ್ದುವು. ಬಳಿಯಲ್ಲಿ ಒಂದು ಗಾಜಿನ ಪಾತ್ರೆಯಿದ್ದಿತು. ಫಲಕಗಳ ಮೇಲಿನ ಲ್ಯಾಟಿನ್ ಅಕ್ಷರಗಳನ್ನು ಇದ್ದಂತೆಯೇ ಓದಿದರೆ ಅರ್ಥವಾಗುತ್ತಿರಲಿಲ್ಲ. ಮೊದಲನೆಯ ಫಲಕವನ್ನು ಕೊನೆಗೆ ಇರಿಸಿದಾಗ, 'ಶಾಂತಿಯು ನಿನ್ನೊಡನಿರಲಿ, ಫಿಲುಮೆನಾ' ಎಂಬ ವಾಕ್ಯವಾಯಿತು. ಜೊತೆಗೆ ಲಂಗರು, ಬಾಣ, ತಾಳೆಗರಿ ಮೊದಲಾದ ಚಿಹ್ನೆಗಳಿದ್ದುವು. ಪಾತ್ರೆಯಲ್ಲಿದ್ದುದು ರಕ್ತವೆಂದು ಬಗೆದು, ಇವಳು ಧರ್ಮಕ್ಕಾಗಿ ಪ್ರಾಣವಿತ್ತವಳೆಂದು ಅಂದಿನವರು ನಿರ್ಣಯಿಸಿದರು. 1805ರಲ್ಲಿ ಆ ಅಸ್ಥಿಗಳು ನೇಪಲ್ಸಿನ ಸಮೀಪದ ಮುನ್ಯಾನೋ ಎಂಬ ಊರನ್ನು ಸೇರಿದುವು.

ಚರಿತ್ರೆಯು ಮೌನವಾಗಿದ್ದೆಡೆ ಐತಿಹ್ಯವು ಮಾತನಾಡಿತು. ನೇಪಲ್ಸಿನ ಸಂನ್ಯಾಸಿನಿಯೊಬ್ಬಳು ತನಗೆ ದರ್ಶನದಲ್ಲಿ ತಿಳಿಯಿತೆಂದು ಹೇಳಿದ ಕಥೆಯು 1833ರ ವೇಳೆಗೆ ಪ್ರಚಾರಕ್ಕೆ ಬಂದಿತು. ಅದರಂತೆ ಫಿಲೋಮಿನಾ ಗ್ರೀಸ್ ದೇಶದ ರಾಜಪುತ್ರಿ, ಕನ್ಯಾವ್ರತವನ್ನು ಕೈಗೊಂಡವಳು. ಚಕ್ರವರ್ತಿ ಡಯೊಕ್ಲೀಷಿಯನ್ ವಿವಾಹವಾಗಲು ಬಯಸಿದಾಗ ನಿರಾಕರಿಸಿದಳು. ಕೊರಳಿಗೆ ಲಂಗರು ಕಟ್ಟಿ ಟೈಬರ್ ನದಿಗೆ ಎಸೆದರೂ ಮುಳುಗಲಿಲ್ಲ, ಬಿಟ್ಟ ಬಾಣಗಳು ಬಿಟ್ಟವರ ಕಡೆಗೇ ತಿರುಗಿದುವು, ಕಡೆಗೆ ಶಿರಚ್ಛೇದವಾಯಿತು. ಫಲಕದ ಒಂದೊಂದು ಚಿಹ್ನೆಯೂ ಕಥೆಯಲ್ಲಿ ಒಂದೊಂದು ಪ್ರಸಂಗವಾಗಿರುವುದನ್ನು ನಾವು ಗಮನಿಸಬೇಕು. ಆದಿ ಕ್ರೈಸ್ತರಿಗಾದರೋ ಲಂಗರು ಹಿಂಸೆಯ ಸಾಧನವಲ್ಲ, ಭರವಸೆಯ ಕುರುಹು.

ಭಕ್ತಿಯು ಬೇಗನೆ ಹಬ್ಬಿತು. ಫ್ರಾನ್ಸಿನ ಪೊಲೀನ್ ಜಾರಿಕೋ ಎಂಬಾಕೆ 1835ರಲ್ಲಿ ಮುನ್ಯಾನೋವಿನಲ್ಲಿ ತನ್ನ ಕಠಿನ ವ್ಯಾಧಿಯಿಂದ ಗುಣಹೊಂದಿದಳು. 1837ರಲ್ಲಿ ಪೋಪ್ ಹದಿನಾರನೆಯ ಗ್ರೆಗೊರಿಯವರು ಸಾರ್ವಜನಿಕ ಪೂಜೆಗೆ ಸಮ್ಮತಿಯಿತ್ತರು. ಆರ್ಸ್ ಗ್ರಾಮದ ಗುರು ಜಾನ್ ವಿಯಾನ್ನಿಯವರು ತಮ್ಮಲ್ಲಿ ನಡೆದ ಪವಾಡಗಳನ್ನೆಲ್ಲ ಅವಳಿಗೇ ಸಲ್ಲಿಸುತ್ತಿದ್ದರು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪ್ರಾಕ್ತನಶಾಸ್ತ್ರಜ್ಞ ಮಾರುಕ್ಕಿಯವರು ಬೇರೊಂದು ಪಕ್ಷವನ್ನು ಮುಂದಿಟ್ಟರು. ಫಲಕಗಳು ಹಳೆಯ ಗೋರಿಯೊಂದರವು. ಅವನ್ನು ಬೇರೊಬ್ಬಳ ಗೋರಿಗೆ ಮತ್ತೆ ಬಳಸಿದರು. ಆದುದರಿಂದಲೇ ಕ್ರಮವು ವ್ಯತ್ಯಾಸವಾಯಿತೆಂದು ಅವರ ವಾದ. ಎಲ್ಲರೂ ಇದನ್ನೊಪ್ಪಲಿಲ್ಲ. 1961ರಲ್ಲಿ ರೋಮಿನ ಧರ್ಮಪೀಠವು ಅವಳ ಉತ್ಸವವನ್ನು ಪಂಚಾಂಗದಿಂದ ತೆಗೆಯಿಸಿತು; ಭಕ್ತರ ಖಾಸಗಿ ಪ್ರಾರ್ಥನೆಯನ್ನು ನಿಷೇಧಿಸಲಿಲ್ಲ.

ಹಾಗಾದರೆ ನಮಗುಳಿದುದೇನು? ರಾಜಪುತ್ರಿಯ ಕಥೆಯನ್ನು ಚರಿತ್ರೆಯೆಂದು ಹೇಳಲಾರೆವು. ಅದನ್ನು ನಂಬಿ ದುಃಖದಲ್ಲಿ ಧೈರ್ಯಗೊಂಡವರ ಅನುಭವವನ್ನು ಸುಳ್ಳೆನ್ನುವುದೂ ನಮ್ಮ ಕೆಲಸವಲ್ಲ. ಎರಡನ್ನೂ ಬೆರೆಸದೆ ನೋಡುವುದೇ ವಿವೇಕ. ಯಾರೋ ತಮ್ಮ ಪ್ರೀತಿಯವಳೊಬ್ಬಳಿಗೆ ಮಣ್ಣಿನ ಮೇಲೆ ಬರೆದು ಶಾಂತಿಯನ್ನು ಕೋರಿದರು. ಅಷ್ಟು ಮಾತ್ರ ನಿಸ್ಸಂದೇಹ.